ಮಾತು ತೆರೆದ ಬಾಗಿಲು: ನಟ ಆರ್. ನಾಗೇಂದ್ರರಾಯರು

ಬೆಂಗಳೂರಿನಿಂದ ಕೊಲ್ಲಾಪುರಕ್ಕೆ ಹೋಗುವವರಿಗೆ ದಾರಿಗಳು ಎರಡು. ರೈಲಿನಲ್ಲಿ ಹೊರಟರೆ ಗೋಕಾಕ ರೋಡ, ಘಟಪ್ರಭಾ ನಿಲ್ದಾಣಗಳನ್ನು ದಾಟಿ ಮೀರಜಕ್ಕೆ ಹೋಗಿ ಅಲ್ಲಿಂದ ಪಶ್ಚಿಮಕ್ಕೆ ತಿರುಗಬೇಕು. ಮೋಟಾರಿನಲ್ಲಿ ಹೊರಟರೆ ಬೆಳಗಾವಿಯಿಂದ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೇಲೆ ಹಾಯ್ದು ನಿಪ್ಪಾಣಿ ದಾಟಬೇಕು. ಯಾವ ದಾರಿ ಹಿಡಿದರೂ ನಮ್ಮ ಈ ಸೀಮೆಯನ್ನು ಬಿಟ್ಟು ಹೋಗುವಂತಿಲ್ಲ. ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಬೆಂಗಳೂರಿನಲ್ಲಿ ಅಲ್ಲ, ಮೈಸೂರಿನಲ್ಲಿಯೂ ಅಲ್ಲ, ಕೊಲ್ಲಾಪುರದಲ್ಲಿ. ಸಂಕೇಶ್ವರದಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ಹಾದಿ ಅದು. ಬೆಂಗಳೂರಿನಿಂದ ಸುಮಾರು 600 ಕಿಲೋಮೀಟರು.

ಆ ಚಿತ್ರದಲ್ಲಿ ರಾವಣನ ಪಾತ್ರ ವಹಿಸಿದವರು ರಟ್ಟೀಹಳ್ಳಿ ನಾಗೇಂದ್ರರಾಯರು. ಎಲ್ಲರೂ ಅವರನ್ನು ಆರ್. ನಾಗೇಂದ್ರರಾವ್ ಎಂದೇ ಬಲ್ಲರು. ನಾಟಕದ ರಂಗದಿಂದ ಬಂದು, ಸಿನಿಮಾದ ಮೊದಲ ದಿನಗಳಿಂದ ಸುಮಾರು ನಾಲ್ವತ್ತು ವರ್ಷ ತೆರೆಯ ಮೇಲೆ ನಿಂತ ನಟರು ಅವರು. ಅವರ ಬಾಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರು ಬರೀ ಜನಪ್ರಿಯರಾಗಿದ್ದರು ಎಂಬುದಕ್ಕಾಗಿ ಅಲ್ಲ. ಒಂದು ಕಲೆ ಇನ್ನೊಂದು ಕಲೆಗೆ ಎಡೆ ಮಾಡಿಕೊಡುವ ಕಾಲದಲ್ಲಿ ನಟನಾದವನ ಗತಿ ಏನಾಗುತ್ತದೆ ಎಂಬ ಪ್ರಶ್ನೆಗೆ ಅವರ ಬಾಳಿನಲ್ಲಿ ಒಂದು ಉತ್ತರ ಸಿಕ್ಕುತ್ತದೆ, ಅದಕ್ಕಾಗಿ.

ಮೊದಲು, ಹೋಲಿಕೆಗಾಗಿ, ದೂರದ ಒಬ್ಬ ನಟನನ್ನು ನೋಡೋಣ. ಜರ್ಮನಿಯ ಎಮಿಲ್ ಯಾನಿಂಗ್ಸ್ ಹುಟ್ಟಿದ್ದು 1884ರಲ್ಲಿ. ನಮ್ಮ ಕಂಪನಿ ನಟರ ಹಾಗೆಯೇ ಆತನೂ ಎಳೆ ಹರೆಯದಲ್ಲಿ ಊರೂರು ತಿರುಗುವ ನಾಟಕ ಮಂಡಳಿಗಳನ್ನು ಸೇರಿದ. ಮುಂದೆ ಬರ್ಲಿನ್ನಿನಲ್ಲಿ ಮ್ಯಾಕ್ಸ್ ರೈನ್‌ಹಾರ್ಟರ ರಂಗಭೂಮಿಯಲ್ಲಿ ನುರಿತ. ಅಲ್ಲಿಂದ ಮೂಕಚಿತ್ರಗಳಿಗೆ ಹೋದ. 1924ರಲ್ಲಿ ಮುರ್ನೌ ನಿರ್ದೇಶಿಸಿದ ಒಂದು ಚಿತ್ರದಲ್ಲಿ ಆತನದು ದೊಡ್ಡ ಹೋಟೆಲಿನ ದ್ವಾರಪಾಲಕನ ಪಾತ್ರ. ಮುಪ್ಪಾಯಿತೆಂದು ಆ ಮುದುಕನನ್ನು ಬಾಗಿಲಿನಿಂದ ತೆಗೆದು ಶೌಚಗೃಹದ ಚಾಕರಿಗೆ ಹಾಕುತ್ತಾರೆ. ಜರಿಗುಂಡಿಯ ಅಂಗಿ ಹೋದದ್ದೇ ಆತನ ಮಾನವೂ ಹೋಗುತ್ತದೆ. ಇಷ್ಟು ಕಥೆಯನ್ನು ತೆರೆಯ ಮೇಲೆ ಬರಹಗಳ ನೆರವು ಹೆಚ್ಚುಕಡಿಮೆ ಇಲ್ಲದೆಯೇ, ಬೆನ್ನು ಬಾಗಿದ ಬಗೆಯಿಂದ, ಕಾಲೆಳೆದು ನಡೆದ ನಡಿಗೆಯಿಂದ ಆತ ಹೇಳಿದ. ಅಮೆರಿಕೆಯವರು ಆತನನ್ನು ಹಾಲಿವುಡ್ಡಿಗೆ ಕರೆಸಿಕೊಂಡರು. 1929ರಲ್ಲಿ ಆಸ್ಕರ್ ಪ್ರಶಸ್ತಿಗಳು ಮೊಟ್ಟಮೊದಲು ಕೊಡಲ್ಪಟ್ಟಾಗ ಅತ್ಯುತ್ತಮ ನಟನೆಂದು ಪ್ರಶಸ್ತಿ ಪಡೆದವನು ಈತನೇ.

ಅದೇ ಹೊತ್ತಿಗೆ ಚಿತ್ರಕ್ಕೆ ಮಾತು ಬಂದಿತು. ಯಾನಿಂಗ್ಸನ ಇಂಗ್ಲಿಷಿನಲ್ಲಿ ಜರ್ಮನ್ ವರಸೆ ಬಲವಾಗಿತ್ತು. ಮೂಕನಾಗಿದ್ದಾಗ ಜಗತ್ತಿಗೆಲ್ಲ ಸಲ್ಲುತ್ತಿದ್ದವನು, ಬಾಯಿ ತೆರೆಯಬೇಕಾದಾಗ ಒಂದು ದೇಶದವನಾಗಿಬಿಟ್ಟ. ತನ್ನ ನಾಡಿಗೆ ಮರಳಿ 1930ರಲ್ಲಿ ‘ನೀಲಿ ದೇವತೆ’ ಎಂಬರ್ಥದ ಹೆಸರಿನ ಮಾತಿನ ಚಿತ್ರದಲ್ಲಿ ಅಭಿನಯಿಸಿದ. ಅದು ಇಂದಿಗೂ ಹೆಸರಾದ ಚಿತ್ರ. ಆದರೆ ಮುಂದಿನ ದಾರಿ ಒಳ್ಳೆಯದಾಗಲಿಲ್ಲ. ಹಿಟ್ಲರನ ಆಳಿಕೆಯಲ್ಲಿ ಸರಕಾರದ ಪ್ರಚಾರ ಚಿತ್ರಗಳಿಗೆ ತನ್ನ ಕಲೆಯನ್ನು ಕೊಟ್ಟ. ಯುದ್ಧ ಮುಗಿದ ಮೇಲೆ ಆತನಿಗೆ ತೆರೆಯ ಮೇಲೆ ಎಡೆ ಸಿಗಲಿಲ್ಲ. 1950ರ ಜನವರಿಯಲ್ಲಿ ಆಸ್ಟ್ರಿಯದ ಒಂದು ಸಣ್ಣ ಊರಿನಲ್ಲಿ ತೀರಿಕೊಂಡ.

ಮಾತು ಬಂದುದರಿಂದ ಪಶ್ಚಿಮದ ಆ ನಟನಿಗೆ ಒಂದು ದೊಡ್ಡ ಬಾಗಿಲು ಮುಚ್ಚಿತು. ನಮ್ಮಲ್ಲಿ ನಡೆದದ್ದು ಇದರ ತಿರುವು. ಮಾತು ಬಂದುದರಿಂದಲೇ ನಮ್ಮ ರಂಗನಟರಿಗೆ ಚಿತ್ರದ ಬಾಗಿಲು ತೆರೆಯಿತು. ಈ ತಿರುವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆಗಿನ ನಮ್ಮ ರಂಗಭೂಮಿ ಹೇಗಿತ್ತೆಂಬುದನ್ನು ನೆನೆಯಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕೇಳುಗರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನವರಿಂದ ಬೆಳಗಿದ ಶ್ರೀಕೃಷ್ಣ ಪಾರಿಜಾತ ಈ ಭಾಗದ ಮನೆಮಾತು. ಭಾಗವತ, ದೂತಿ, ಸತ್ಯಭಾಮೆ, ರುಕ್ಮಿಣಿ, ಕೊರವಂಜಿ, ಗೊಲ್ಲತಿ ಇವರನ್ನೆಲ್ಲ ಕಾಣದೆ ಇಲ್ಲಿ ಬೆಳೆದವರು ವಿರಳ. ಕೌಜಲಗಿಯ ನಿಂಗಮ್ಮನವರು ಪಾರಿಜಾತದಿಂದಲೇ ನಾಡಿನಲ್ಲಿ ಹೆಸರಾದರು. ಗೋಕಾಕ ತಾಲೂಕಿನ ಕೊಣ್ಣೂರಿನ ಹೆಸರನ್ನು ಹೊತ್ತ ಕೊಣ್ಣೂರು ನಾಟಕ ಕಂಪನಿಯನ್ನು ಶಿವಮೂರ್ತಿಸ್ವಾಮಿ ಕಣಬರ್ಗಿಮಠ ಅವರು ನಡೆಸಿದರು. ಬಯಲಾಟವಿರಲಿ, ಕಂಪನಿ ನಾಟಕವಿರಲಿ, ಎರಡಕ್ಕೂ ಕೊರಳೇ ಬಂಡವಾಳ. ಧ್ವನಿವರ್ಧಕವಿಲ್ಲದ ಕಾಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕು. ಮಾತಾಡುತ್ತ ಮಾತಾಡುತ್ತ ಶ್ರುತಿಗೆ ಸೇರಿಕೊಂಡು ಹಾಡಬೇಕು. ಜನ ‘ಒನ್ಸ್ ಮೋರ್’ ಎಂದರೆ ಅದೇ ಹಾಡನ್ನು ಅದೇ ಹುರುಪಿನಿಂದ ಮತ್ತೆ ಹಾಡಬೇಕು. ಬೆಳಗಿನ ಜಾವದವರೆಗೆ ಈ ಕೆಲಸ. ಹಾಡಲಾರದವನನ್ನು ಆಗ ನಟನೆಂದು ಕರೆಯುತ್ತಿರಲಿಲ್ಲ.

ನಾಗೇಂದ್ರರಾಯರು ಬೆಳೆದದ್ದು ಇಂಥ ಗರಡಿಯಲ್ಲಿ. ಅವರು ಹುಟ್ಟಿದ್ದು 1896ನೆಯ ಇಸವಿ ಜೂನ್ 23ರಂದು, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ. ಅವರ ಹೆಸರಿನ ಮುಂದಿನ ರಟ್ಟೀಹಳ್ಳಿ ಇರುವುದು ಈಗಿನ ಹಾವೇರಿ ಜಿಲ್ಲೆಯಲ್ಲಿ. ಎಂಟರ ಎಳೆ ವಯಸ್ಸಿನಲ್ಲಿಯೇ ಅವರು ಬಣ್ಣ ಹಚ್ಚಿದರು. ಮೈಸೂರು ಸೀಮೆಯಲ್ಲಿ ಆಗ ಮೆರೆಯುತ್ತಿದ್ದ ಎ. ವಿ. ವರದಾಚಾರ್ಯರ ಕಂಪನಿಯಲ್ಲಿ ಪಳಗಿದರು. ವರದಾಚಾರ್ಯರೆಂದರೆ ಸಂಗೀತಕ್ಕೂ ಅಭಿನಯಕ್ಕೂ ಸಮನಾಗಿ ಹೆಸರಾದ ಆಚಾರ್ಯ ಪುರುಷರು, 1926ರಲ್ಲಿ ಕಾಲವಾದರು. ಅಂಥವರ ಮಗ್ಗುಲಲ್ಲಿ ನಿಂತವನಿಗೆ ಉಚ್ಚಾರ ಕಲಿಸುವ ಬೇರೆ ಶಾಲೆ ಬೇಕಾಗಿರಲಿಲ್ಲ.

1931ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ‘ಆಲಂ ಆರಾ’ ಬಂದಿತು. ಭಾರತದ ಚಿತ್ರ ಮಾತನಾಡಿತು. ಮಾತನಾಡಿತು ಎಂಬುದಕ್ಕಿಂತ ಹಾಡಿತು ಎನ್ನುವುದೇ ಹೆಚ್ಚು ಸರಿ. ಅದೇ ವರುಷ ತಮಿಳು ಮಾತು, 1932ರಲ್ಲಿ ತೆಲುಗು ಚಿತ್ರ. ಮೂಕಚಿತ್ರದಲ್ಲಿ ಮೈಕಟ್ಟಿನಿಂದ, ಕುದುರೆ ಸವಾರಿಯಿಂದ ಮೆರೆದ ಹಲವರು ಇದ್ದಕ್ಕಿದ್ದಂತೆ ಹಿಂದೆ ಬಿದ್ದರು. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮರಾದ ಮುಂದೆ ನಿಂತವನೇ ಹಾಡಬೇಕು. ವಾದ್ಯಗಾರರು ಪಕ್ಕದಲ್ಲಿ, ಕ್ಯಾಮರಾದ ಕಣ್ಣಿಗೆ ಬೀಳದಂತೆ ಕುಳಿತು ಆಗಲೇ ಬಾರಿಸಬೇಕು. ಚಿತ್ರ, ಹಾಡು ಎರಡೂ ಒಂದೇ ಸಲಕ್ಕೆ ಮುದ್ರಣವಾಗಬೇಕು. ಇದಕ್ಕೆ ಯಾರು ಬೇಕು? ನಾಟಕದವರೇ ಬೇಕು. ಹೀಗೆ ಸ್ಟುಡಿಯೊಗಳು ಕಂಪನಿಗಳ ಬಾಗಿಲಿಗೆ ಬಂದವು.

ನಾಗೇಂದ್ರರಾಯರು ಆ ಹೊತ್ತಿಗಾಗಲೇ ತಮಿಳು ತೆಲುಗು ಚಿತ್ರಗಳಲ್ಲಿ ಕಾಲಿಟ್ಟಿದ್ದರು. 1932ರ ತಮಿಳು ಚಿತ್ರ ‘ಪಾರಿಜಾತ ಪುಷ್ಪಾಪಹರಣ’ದಲ್ಲಿ ಅವರು ನಾರದ. ಕುಲಗೋಡದವರಿಗೆ ಈ ಕಥೆ ಹೊಸದಲ್ಲ. ಸ್ವರ್ಗದ ಹೂವೊಂದನ್ನು ತಂದು ಎರಡು ಮನೆಗಳ ನಡುವೆ ಕಿಚ್ಚಿಟ್ಟು ನಗುವ ಅದೇ ನಾರದ, ನಮ್ಮಲ್ಲಿ ರಾತ್ರಿಯಿಡೀ ನಡೆಯುವ ಅದೇ ಪಾರಿಜಾತ, ಅಲ್ಲಿ ಸುರುಳಿಯಲ್ಲಿ ಸೇರಿತು. ಕನ್ನಡ ನಟ, ತಮಿಳು ಮಾತು, ಎಲ್ಲ ಭಾಷೆಯವರಿಗೂ ಸೇರಿದ ಕಥೆ. ಆದರೆ ಕನ್ನಡದ ಮಾತು ಮಾತ್ರ ಇನ್ನೂ ತೆರೆಯ ಮೇಲೆ ಕೇಳಿಬಂದಿರಲಿಲ್ಲ.

ಆ ಕೊರತೆ ನೀಗಿಸಲು ಮುಂದೆ ಬಂದವರು ಬೆಂಗಳೂರಿನ ಮಾರವಾಡಿ ವ್ಯಾಪಾರಿ ಚಮನಲಾಲ ಡುಂಗಾಜಿಯವರು. ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆ ಹುಟ್ಟಿತು. ನಾಗೇಂದ್ರರಾಯರೂ ಅವರ ಜೊತೆಗಾರ ಎಂ. ವಿ. ಸುಬ್ಬಯ್ಯನಾಯ್ಡು ಅವರೂ ಅದಕ್ಕೆ ಬೆನ್ನೆಲುಬಾದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡುಗಳನ್ನು ಬರೆದುಕೊಟ್ಟರು. ವೈ. ವಿ. ರಾಯರು ನಿರ್ದೇಶಕರು, ಲಕ್ಷ್ಮಣನ ಪಾತ್ರವೂ ಅವರದೇ. ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ನಾಗೇಂದ್ರರಾಯರು.

ಇಷ್ಟೆಲ್ಲ ಕೂಡಿಬಂದರೂ ಮೈಸೂರು ಸಂಸ್ಥಾನದಲ್ಲಿ ಧ್ವನಿ ಮುದ್ರಿಸುವ ಸ್ಟುಡಿಯೊ ಇರಲಿಲ್ಲ. ಕೊಲ್ಲಾಪುರದಲ್ಲಿ ಇತ್ತು. ಬಾಬೂರಾವ್ ಪೇಂಟರರು ಮೂಕಚಿತ್ರದ ಕಾಲದಲ್ಲಿಯೇ ಆ ಊರನ್ನು ಚಿತ್ರದ ಊರಾಗಿ ಮಾಡಿದ್ದರು. 1929ರಲ್ಲಿ ಅಲ್ಲಿಯೇ ಹುಟ್ಟಿದ ಪ್ರಭಾತ ಸಂಸ್ಥೆ 1933ರಲ್ಲಿ ಪುಣೆಗೆ ಹೋದರೂ ಕಸಬು ಬಲ್ಲವರು, ಸ್ಟುಡಿಯೊಗಳು ಉಳಿದಿದ್ದವು. ಹೀಗಾಗಿ ಛತ್ರಪತಿ ಸಿನಿಟೋನಿನಲ್ಲಿ ಕನ್ನಡದ ಲಂಕೆ ಎದ್ದು ನಿಂತಿತು. ಸುಮಾರು ಎರಡು ತಿಂಗಳ ಕೆಲಸ, ನಾಲ್ವತ್ತು ಸಾವಿರ ರೂಪಾಯಿ ವೆಚ್ಚ. ಆಗಿನ ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಂಗಳೂರು ಮೈಸೂರು ಸಂಸ್ಥಾನದ್ದು, ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದ್ದು, ಕೊಲ್ಲಾಪುರ ಬೇರೊಂದು ಸಂಸ್ಥಾನ. ಕನ್ನಡ ಮಾತನಾಡುವ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೆ 22 ವರ್ಷ ಮೊದಲೇ ಕನ್ನಡದ ಮಾತು ಈ ಗಡಿಗಳನ್ನೆಲ್ಲ ದಾಟಿ ಹೋಗಿ ಸುರುಳಿಯಲ್ಲಿ ಸೇರಿಕೊಂಡು ಮರಳಿ ಬಂದಿತು.

‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡು ಆರು ವಾರ ನಡೆಯಿತು. ‘ಭಕ್ತ ಧ್ರುವ’ ಎಂಬ ಇನ್ನೊಂದು ಚಿತ್ರದ ಕೆಲಸ ಮೊದಲೇ ಹಿಡಿದಿತ್ತು. ಆದರೆ ಜನರ ಮುಂದೆ ಬರುವುದರಲ್ಲಿ ಸುಲೋಚನೆಯೇ ಮೊದಲಾದಳು.

ರಂಗದ ನಟ ಕ್ಯಾಮರಾದ ಮುಂದೆ ಬಂದಾಗ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು? ಇದು ಸಣ್ಣ ಪ್ರಶ್ನೆಯಲ್ಲ. ನಾಟಕದಲ್ಲಿ ಪಾತ್ರ ಒಂದೇ ಸಮನೆ ಬೆಳೆಯುತ್ತದೆ. ರಾವಣ ಮೊದಲ ಅಂಕದಲ್ಲಿ ಅಟ್ಟಹಾಸ ಮಾಡಿ, ನಡುವೆ ಮಗನನ್ನು ಯುದ್ಧಕ್ಕೆ ಕಳುಹಿ, ಕಡೆಗೆ ಮಗನ ಸಾವು ಕೇಳಿ ಕುಸಿಯುತ್ತಾನೆ. ನಟ ಅದೇ ಕಾವಿನಲ್ಲಿ ಮೆಟ್ಟಲು ಮೆಟ್ಟಲಾಗಿ ಇಳಿದು ಬರುತ್ತಾನೆ. ಸಿನಿಮಾದಲ್ಲಿ ಸಾವಿನ ಸುದ್ದಿಯ ದೃಶ್ಯ ಮೊದಲು ತೆಗೆಯಬಹುದು, ಅಟ್ಟಹಾಸ ಕಡೆಗೆ ಬರಬಹುದು. ಎದುರಿಗೆ ಜನರಿಲ್ಲ, ಚಪ್ಪಾಳೆಯಿಲ್ಲ. ಮೈಕು ಹತ್ತಿರದಲ್ಲಿರುವುದರಿಂದ ಕೊರಳನ್ನು ತಗ್ಗಿಸಬೇಕು. ಕ್ಯಾಮರಾ ಹತ್ತಿರದಲ್ಲಿರುವುದರಿಂದ ಕಣ್ಣಿನ ಹೊರಳನ್ನೂ ತಗ್ಗಿಸಬೇಕು. ನಮ್ಮ ಮೊದಲ ಚಿತ್ರಗಳ ನಟರಲ್ಲಿ ಹಲವರು ಕಡೆಯವರೆಗೂ ಹಿಂದಿನ ಸಾಲಿಗೇ ಮಾತನಾಡಿದರು. ಈ ಪಾಠವನ್ನು ಮೆಲ್ಲಮೆಲ್ಲನೆ, ಬಿಡದೆ ಕಲಿತವರಲ್ಲಿ ನಾಗೇಂದ್ರರಾಯರು ಒಬ್ಬರು. ಅದಕ್ಕೆ ಅವರ ಮುಂದಿನ ಪಾತ್ರಗಳೇ ಸಾಕ್ಷಿ.

ಒಂದು ಚಿತ್ರ ಗೆದ್ದಿತೆಂದು ಅವರು ರಂಗವನ್ನು ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ; ಕನ್ನಡ ಚಿತ್ರಗಳು ಆಗ ವರುಷಕ್ಕೆ ಒಂದೋ ಎರಡೋ, ಕೆಲವು ವರುಷ ಅದೂ ಇಲ್ಲ. ಸುಬ್ಬಯ್ಯನಾಯ್ಡು ಅವರೊಡನೆ ಕಟ್ಟಿದ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯೇ ಅನ್ನ ಕೊಡುವ ತಾಯಿ. ಈ ಮಂಡಳಿಯ ‘ಭೂಕೈಲಾಸ’ ನಾಟಕ ಬಹಳ ಜನಪ್ರಿಯವಾಯಿತು. ರಾವಣ ಆತ್ಮಲಿಂಗವನ್ನು ತಂದು ನಮ್ಮ ಗೋಕರ್ಣದಲ್ಲಿ ಕಳೆದುಕೊಂಡ ಕಥೆ ಅದು. ಮದ್ರಾಸಿನ ಎ. ವಿ. ಮೆಯ್ಯಪ್ಪನ್ ಅವರು ಅದನ್ನು ಚಿತ್ರ ಮಾಡಿದರು. 1940ರ ಆ ಚಿತ್ರ ತೆಲುಗಿನದು. ನಿರ್ದೇಶಕರು ಸುಂದರರಾವ್ ನಾಡಕರ್ಣಿ. ರಾವಣನಾಗಿ ಸುಬ್ಬಯ್ಯನಾಯ್ಡು, ನಾರದನಾಗಿ ನಾಗೇಂದ್ರರಾಯರು. ಕನ್ನಡ ನಾಟಕ, ಕನ್ನಡ ನಟರು, ಮಾತು ಮಾತ್ರ ತೆಲುಗು. ಕನ್ನಡ ಚಿತ್ರಕ್ಕೆ ಆಗ ಮಾರುಕಟ್ಟೆ ಸಣ್ಣದಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಂಗತಿ ಬೇರೆ ಬೇಡ.

ಮರುವರುಷ, 1941ರಲ್ಲಿ, ‘ವಸಂತಸೇನಾ’ ಕನ್ನಡದಲ್ಲಿ ಬಂದಿತು. ಚಾರುದತ್ತ ಸುಬ್ಬಯ್ಯನಾಯ್ಡು, ವಸಂತಸೇನೆ ಲಕ್ಷ್ಮೀಬಾಯಿ, ಶಕಾರ ನಾಗೇಂದ್ರರಾಯರು. ಶಕಾರನೆಂದರೆ ರಾಜನ ಮೈದುನ, ಮೂರ್ಖ, ಕ್ರೂರಿ. ನಗಿಸಲೂ ಬೇಕು, ಹೆದರಿಸಲೂ ಬೇಕು. ರಾವಣನ ಗತ್ತು, ನಾರದನ ತುಂಟತನ, ಶಕಾರನ ಕೇಡು, ಮೂರನ್ನೂ ಹತ್ತು ವರುಷದೊಳಗೆ ತೋರಿಸಿದ ನಟನ ಹರವು ಎಷ್ಟೆಂಬುದನ್ನು ನೀವೇ ಊಹಿಸಬಹುದು.

1943ರ ‘ಸತ್ಯ ಹರಿಶ್ಚಂದ್ರ’ವನ್ನು ಅವರೇ ನಿರ್ದೇಶಿಸಿದರು. ಈ ಚಿತ್ರದ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಯುದ್ಧದ ದಿನಗಳು, ಕಚ್ಚಾ ಫಿಲ್ಮಿಗೆ ಬರ. ಹೊಸ ತಮಿಳು ಚಿತ್ರ ಮಾಡುವ ಬದಲು ಮೆಯ್ಯಪ್ಪನ್ ಅವರು ಈ ಕನ್ನಡ ಚಿತ್ರಕ್ಕೇ ತಮಿಳು ಮಾತು ಕೂಡಿಸಿ 1944ರಲ್ಲಿ ತಮಿಳುನಾಡಿಗೆ ಒಯ್ದರು. ಒಂದು ಭಾಷೆಯ ಚಿತ್ರಕ್ಕೆ ಇನ್ನೊಂದು ಭಾಷೆಯ ಕೊರಳು ಹೊಂದಿಸುವ ಈ ಪದ್ಧತಿಗೆ ನಮ್ಮ ದೇಶದಲ್ಲಿ ಅದೇ ಮೊದಲ ಮೇಲ್ಪಂಕ್ತಿ ಎನ್ನುತ್ತಾರೆ. ಯಾನಿಂಗ್ಸನ ಕಾಲಕ್ಕೆ ಈ ಉಪಾಯ ಬಳಕೆಗೆ ಬಂದಿದ್ದರೆ ಆತನ ಹಾಲಿವುಡ್ಡಿನ ಬಾಗಿಲು ಮುಚ್ಚುತ್ತಿತ್ತೋ ಇಲ್ಲವೋ!

1947ರಲ್ಲಿ ‘ಮಹಾತ್ಮ ಕಬೀರ್’. ಅಲ್ಲಿಂದ ಮುಂದೆ ನಾಗೇಂದ್ರರಾಯರ ಬಾಳಿನ ಎರಡನೆಯ ಭಾಗ. ಅವರು ತಮ್ಮದೇ ಸಂಸ್ಥೆ ಕಟ್ಟಿ 1953ರಲ್ಲಿ ‘ಜಾತಕ ಫಲ’ ತೆಗೆದರು. ರಾವಣ ನಾರದರನ್ನು ಬಿಟ್ಟು ನಮ್ಮ ನಿಮ್ಮ ಮನೆಗೆ ಬಂದ ಕಥೆ ಇದು. ಜಾತಕದ ನಂಬಿಕೆ ಮನೆತನಗಳ ಮೇಲೆ ತರುವ ತೊಡಕನ್ನು ಎತ್ತಿಕೊಂಡಿತು. 1957ರ ‘ಪ್ರೇಮದ ಪುತ್ರಿ’ ರಾಷ್ಟ್ರ ಮಟ್ಟದ ಮನ್ನಣೆ ಪಡೆಯಿತು. ಆ ಚಿತ್ರದಲ್ಲಿಯೇ ಅವರ ಮಗ ಆರ್. ಎನ್. ಜಯಗೋಪಾಲರು ಗೀತರಚನೆಗೆ ಕೈ ಹಾಕಿದರು. 1961ರ ‘ವಿಜಯನಗರದ ವೀರಪುತ್ರ’ದಲ್ಲಿ ಇನ್ನೊಬ್ಬ ಮಗ ಸುದರ್ಶನರು ನಾಯಕರಾದರು. ಮತ್ತೊಬ್ಬ ಮಗ ಕೃಷ್ಣಪ್ರಸಾದರು ಛಾಯಾಗ್ರಾಹಕರು. ಹಾಡು, ಅಭಿನಯ, ಕ್ಯಾಮರಾ, ಮೂರೂ ಒಂದೇ ಮನೆಯಿಂದ ಕನ್ನಡ ಚಿತ್ರಕ್ಕೆ ಸಂದವು.

ಇಳಿವಯಸ್ಸಿನ ಅವರ ಅಭಿನಯವನ್ನು ನೋಡಬೇಕೆನ್ನುವವರು 1968ರ ‘ಹಣ್ಣೆಲೆ ಚಿಗುರಿದಾಗ’ ಚಿತ್ರವನ್ನು ನೋಡಬೇಕು. ತ್ರಿವೇಣಿಯವರ ಕಾದಂಬರಿ, ಎಂ. ಆರ್. ವಿಠಲ್ ನಿರ್ದೇಶನ. ಹಳೆಯ ಕಟ್ಟಳೆಯ ಹಿರಿಯ ತಂದೆ, ವಿಧವೆಯಾದ ಮಗಳು, ಅವಳ ಮರುಮದುವೆಯ ಪ್ರಶ್ನೆ. ಕಲ್ಪನಾ, ರಾಜಕುಮಾರ್ ಅವರಂಥವರ ಎದುರು ಎಪ್ಪತ್ತು ದಾಟಿದ ನಾಗೇಂದ್ರರಾಯರು ನಿಂತಿದ್ದಾರೆ. ಇಲ್ಲಿ ಅಟ್ಟಹಾಸವಿಲ್ಲ. ಮಾತು ನಿಧಾನ, ಕೆಲವೆಡೆ ಮಾತೇ ಇಲ್ಲ. ಮನಸ್ಸು ಬದಲಾಗುವುದನ್ನು ಮುಖ ಹೇಳುತ್ತದೆ. ಕೊರಳಿನ ಬಲದಿಂದ ಚಿತ್ರರಂಗಕ್ಕೆ ಬಂದ ನಟ ಕಡೆಗೆ ಮೌನದ ಬಲವನ್ನೂ ಕಲಿತರು. ಮೌನದಿಂದ ತೊಡಗಿ ಮಾತಿನಲ್ಲಿ ಎಡವಿದ ಆ ಜರ್ಮನ್ ನಟನ ದಾರಿಗೆ ಇದು ನೇರ ಎದುರುದಾರಿ.

ಇಬ್ಬರ ನಡುವೆ ಇನ್ನೂ ಒಂದು ಅಂತರವಿದೆ. ಯಾನಿಂಗ್ಸ್ ತನ್ನ ಜನಪ್ರಿಯತೆಯನ್ನು ಅಧಿಕಾರದ ಕೈಗೆ ಒಪ್ಪಿಸಿದ. ಆತನ ಕಲೆ ದೊಡ್ಡದು. ಆದರೆ ಆ ಹೆಸರು ಹೇಳಿದೊಡನೆ ಆ ಕಲೆಯ ಜೊತೆಗೆ ಕಲೆಯೊಂದು, ಕಪ್ಪು ಕಲೆಯೂ, ನೆನಪಿಗೆ ಬರುತ್ತದೆ. ನಾಗೇಂದ್ರರಾಯರು ತಮ್ಮ ಹೆಸರನ್ನು ಜಾತಕದ ಕುರುಡು ನಂಬಿಕೆಯ ಎದುರು, ವಿಧವೆಯ ಬಾಳಿನ ಪರವಾಗಿ ನಿಂತ ಕಥೆಗಳಿಗೆ ಕೊಟ್ಟರು. ನಟ ತನ್ನ ಮಾತನ್ನು ತಾನು ಬರೆಯುವುದಿಲ್ಲ, ನಿಜ. ಆದರೆ ಯಾರ ಮಾತನ್ನು ಆಡುತ್ತೇನೆ ಎಂಬುದನ್ನು ಆರಿಸಿಕೊಳ್ಳುವ ಹೊಣೆ ಅವನದೇ.

1976ರಲ್ಲಿ ನಾಗೇಂದ್ರರಾಯರಿಗೆ ಪದ್ಮಶ್ರೀ ಬಂದಿತು. 1977ರ ಫೆಬ್ರವರಿ 9ರಂದು ಅವರು ಕಣ್ಣು ಮುಚ್ಚಿದರು. ಅವರ ಜೊತೆಗಾರ ಸುಬ್ಬಯ್ಯನಾಯ್ಡು 1962ರಲ್ಲಿಯೇ ತೀರಿಕೊಂಡಿದ್ದರು. ನಾಯ್ಡು ಅವರ ಮಗ ಲೋಕೇಶರು ಮುಂದೆ ರಂಗದಲ್ಲಿಯೂ ಚಿತ್ರದಲ್ಲಿಯೂ ಹೆಸರಾದರು.

ಕಡೆಯದಾಗಿ ಒಂದು ನೋವಿನ ಮಾತು. ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ತೆರೆಯ ಮೇಲೆ ಮೊದಲು ಕೇಳಿದ ಕನ್ನಡದ ಮಾತನ್ನು ನಾವು ಯಾರೂ ಕೇಳಲಾರೆವು. ಜರ್ಮನಿಯವರು 1924ರ ಮೂಕಚಿತ್ರವನ್ನು ಎರಡು ಮಹಾಯುದ್ಧಗಳಲ್ಲಿ ಎರಡನೆಯದನ್ನು ದಾಟಿಸಿ ಉಳಿಸಿಕೊಂಡಿದ್ದಾರೆ. ಬಾಂಬು ಬೀಳದ ನಮ್ಮ ನಾಡಿನಲ್ಲಿ 1934ರ ಮಾತಿನ ಚಿತ್ರ ಕಳೆದುಹೋಯಿತು. ಅದನ್ನು ಕಳೆದದ್ದು ಯುದ್ಧವಲ್ಲ, ಅಸಡ್ಡೆ. ಹಾಡಿದವರ ಕೊರಳು ಗಾಳಿಯಲ್ಲಿ ಹೋದಂತೆ, ಸುರುಳಿಯಲ್ಲಿ ಕಟ್ಟಿಟ್ಟ ಕೊರಳೂ ಹೋಯಿತು.

ಆದ್ದರಿಂದ ಕೇಳುಗರಲ್ಲಿ ಒಂದು ಬಿನ್ನಹ. ಚಿತ್ರದ ಸುರುಳಿ ನಮ್ಮ ಕೈಯಲ್ಲಿಲ್ಲ. ಆದರೆ ನಾಟಕದ ನೆನಪು ಇನ್ನೂ ಊರೂರಲ್ಲಿದೆ. ಕೊಣ್ಣೂರಿನಲ್ಲಿ, ಕುಲಗೋಡದಲ್ಲಿ, ಕೌಜಲಗಿಯಲ್ಲಿ, ಸಂಕೇಶ್ವರದಲ್ಲಿ ಹಳೆಯ ಮನೆಗಳ ಅಟ್ಟದ ಮೇಲೆ ಕಂಪನಿಯ ಹ್ಯಾಂಡ್‌ಬಿಲ್ಲು, ಕೈಬರಹದ ಪಾತ್ರದ ಪುಸ್ತಕ, ಬಣ್ಣ ಹಚ್ಚಿಕೊಂಡ ಹಿರಿಯರ ಪಟ ಇದ್ದರೆ ಒಲೆಗೆ ಹಾಕಬೇಡಿರಿ, ರದ್ದಿಗೂ ಕೊಡಬೇಡಿರಿ. ಪಾರಿಜಾತದ ಹಾಡು ಬಲ್ಲ ಮುದುಕರಿದ್ದರೆ ಬಳಿಯಲ್ಲಿ ಕುಳಿತು ಹಾಡಿಸಿ ಮುದ್ರಿಸಿಕೊಳ್ಳಿರಿ. ಇಂದು ಅದಕ್ಕೆ ಕೊಲ್ಲಾಪುರದ ಸ್ಟುಡಿಯೊ ಬೇಕಾಗಿಲ್ಲ, ಅಂಗಿಯ ಕಿಸೆಯಲ್ಲಿರುವ ಫೋನು ಸಾಕು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಮಣ್ಣಿನ ಹಾಡು, ಆಟಗಳನ್ನು ಕಿವಿಯಲ್ಲಿ ಇಟ್ಟುಕೊಂಡೇ ನಾಟಕ ಬರೆದರು, 1979ರಲ್ಲಿ ‘ಕಾಡು ಕುದುರೆ’ ಚಿತ್ರವನ್ನು ಮಾಡಿದರು. ಉಳಿಸಿಕೊಂಡದ್ದು ಮುಂದೆ ಯಾರ ಕೈಯಲ್ಲಿ ಚಿಗುರೀತೆಂಬುದನ್ನು ಇಂದೇ ಹೇಳಲು ಬರುವುದಿಲ್ಲ. ಉಳಿಸಿಕೊಳ್ಳದೆ ಹೋದದ್ದು ಮಾತ್ರ ಚಿಗುರುವುದಿಲ್ಲ.